ಮಾಬತ್ತಿ ಕಲ್ಲಿನ ಮೇಲೆ ಬರೆದ ಹೆಸರುಗಳು

ಜುಲೈ ೧೪, ರವಿವಾರ. ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕೂತೆ.

ರಾತ್ರಿ ಮಳೆಯಾಗಿದೆ. ಬಸವನ ಬಾಗೇವಾಡಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಳಿಗೆಯ ಮೇಲೆ ಮಾಲೀಕರು ಹಳೆಯ ಗಾದಿಯೊಂದನ್ನು ಎಸೆದಿದ್ದಾರೆ. ಅದು ನೆನೆದು ಅದರ ವಾಸನೆ ಮೆಟ್ಟಿಲಿಳಿದು ನನ್ನ ಕೋಣೆಯೊಳಗೆ ಬಂದಿದೆ. ನೆನೆದ ಹಳೆಯ ಅರಳೆಯ ವಾಸನೆ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಅದರಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇರುತ್ತದೆ, ಬೇಸಿಗೆಯ ಬೆವರು ಇರುತ್ತದೆ, ಕೂಸುಗಳ ಉಚ್ಚೆ ಇರುತ್ತದೆ, ಬಹಳ ದಿನ ಮಲಗಿದ್ದ ರೋಗಿಯ ಔಷಧದ ಕಮಟು ಇರುತ್ತದೆ. ಒಂದು ಮನೆಯವರು ವರ್ಷಗಟ್ಟಲೆ ಮಾಡಿದ ನಿದ್ದೆಯೆಲ್ಲ ಅದರಲ್ಲಿ ಉಳಿದಿರುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಬದನೆ ಗಿಡದ ಬುಡ ನೆನಪಾಗುತ್ತದೆ.

ನಾನು ದಿನಚರಿ ಬರೆಯುವವಳು. ಯಾವ ದಿನ ಮಳೆ ಬಿತ್ತು, ಯಾವ ದಿನ ಹಾಲಿನವನು ಬರಲಿಲ್ಲ, ಯಾರ ಜೊತೆ ಮಾತು ಬಿಟ್ಟೆ, ಎಲ್ಲಕ್ಕೂ ನನ್ನಲ್ಲಿ ತಾರೀಖು ಇದೆ. ಆದರೆ ಬರೆದಿಡಬೇಕಾಗಿದ್ದ ಕಾಲದಲ್ಲಿ ನಾನು ಚಿಕ್ಕವಳಿದ್ದೆ, ಬರೆಯುತ್ತಿರಲಿಲ್ಲ. ಹಾಗಾಗಿ ಈ ಬರಹದಲ್ಲಿ ಮೊದಲ ಸಾಲು ಬಿಟ್ಟರೆ ಬೇರೆ ಯಾವ ತಾರೀಖೂ ಇಲ್ಲ. ಹಬ್ಬ, ಮಳೆ, ನಾನು ಓದುತ್ತಿದ್ದ ತರಗತಿ ಇವುಗಳನ್ನು ಹಿಡಿದು ಒಂದರ ಹಿಂದೆ ಒಂದು ಜೋಡಿಸಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ತಿದ್ದಬಲ್ಲವನು ಅಪ್ಪ ಒಬ್ಬನೇ. ಈ ವಿಷಯದಲ್ಲಿ ಅಪ್ಪನನ್ನು ನಾನು ಕೇಳುವುದಿಲ್ಲ.

ನಾವು ಮುದ್ದೇಬಿಹಾಳದ ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅಜ್ಜನ ಕಾಲದಿಂದ ಬಂದ ಕಸುಬು. ಓಣಿಯ ಕಡೆಗೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಊರ ತಿಪ್ಪೆ. ಅಂಗಡಿಯಲ್ಲಿ ಹಿಂಜುವ ಯಂತ್ರ ಶುರುವಾದರೆ ಮನೆಯೆಲ್ಲ ನಡುಗುತ್ತಿತ್ತು. ಅರಳೆಯ ಧೂಳು ನಮ್ಮ ರೆಪ್ಪೆಗಳ ಮೇಲೆ, ರೊಟ್ಟಿಯ ಬುಟ್ಟಿಯ ಮೇಲೆ, ಕುಡಿಯುವ ನೀರಿನ ಮೇಲೆ ಕೂರುತ್ತಿತ್ತು. ಜನ ಹಳೆಯ ಗಾದಿ ತಂದು ಬಿಚ್ಚಿಸಿ, ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಹಿಂಜಲಿಕ್ಕೆ ಬಾರದಷ್ಟು ಕೊಳೆತು ಗಟ್ಟಿಯಾದ ಅರಳೆಯನ್ನು ಅಪ್ಪ ಹಿತ್ತಲ ಬಾಗಿಲಿನಿಂದ ತಿಪ್ಪೆಗೆ ಒಗೆಯುತ್ತಿದ್ದ. ಆ ತಿಪ್ಪೆಯಿಂದ ಹಳ್ಳದ ತನಕ ಇದ್ದ ಜಾಗ ಯಾರದ್ದೂ ಆಗಿರಲಿಲ್ಲ. ಹಂದಿ, ನಾಯಿ, ಜಾಲಿಕಂಟಿ, ಒಡೆದ ಬಾಟಲಿ. ಮಾಬತ್ತಿ ಬರುವ ತನಕ ಅಲ್ಲಿ ಇದ್ದದ್ದು ಅಷ್ಟೇ.

ಮಾಬತ್ತಿ ಎಂದರೆ ಅಪ್ಪನ ಅಕ್ಕ ಮಾಬವ್ವ. ಗಂಡನ ಮನೆಯವರು ಮಕ್ಕಳಾಗಲಿಲ್ಲವೆಂದು ಆಕೆಯನ್ನು ಒಂದು ಟ್ರಂಕಿನ ಸಮೇತ ಬಸ್ಸು ಹತ್ತಿಸಿ ಕಳಿಸಿದಾಗ ನಾನು ಒಂದನೇ ಇಯತ್ತೆಯಲ್ಲಿದ್ದೆ. ಎತ್ತರದ ಹೆಂಗಸು. ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಏಳನೆಯವರೆಗೆ ಓದಿದ್ದಳು, ಅಕ್ಷರ ಮುತ್ತಿನಂತಿದ್ದವು. ಅಪ್ಪ ಆಕೆಗೆ ಏನೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವ್ವ ಮಾತ್ರ ದಿನವೂ ಅನ್ನುತ್ತಿದ್ದಳು, ಅದೂ ಮರ್ಯಾದೆಯಿಂದ. “ಅಕ್ಕಾರ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ? ಬ್ಯಾಡಂತೀರಿ ಬಿಡ್ರಿ. ಮುಂಜಾನಿಂದ ಏನ್ ಕೆಲಸ ಮಾಡೀರಿ ಹಸಿವಾಗಾಕ.” ಮಾಬತ್ತಿ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ಬಹಳ ಹೊತ್ತು ಅಗಿಯುತ್ತಿದ್ದಳು. ಅದಾದ ಬೇಸಿಗೆಯಲ್ಲಿ ಆಕೆ ಒಂದು ಮುರುಕು ಸಲಿಕೆ ಹಿಡಿದು ತಿಪ್ಪೆಗೆ ಇಳಿದಳು. ಮುಂದಿನ ಮಳೆಗಾಲದ ಹೊತ್ತಿಗೆ ಅವ್ವನ ಎದುರು ಒಂದು ಬುಟ್ಟಿ ಪುಂಡಿಪಲ್ಯ ಇಟ್ಟು, “ಈ ವಾರ ಸಂತಿಗೆ ಹೋಗಬ್ಯಾಡ” ಎಂದಳು. ಅಂದಿನಿಂದ ರೊಟ್ಟಿಯ ಮಾತು ನಿಂತಿತು.

ಆ ತೋಟಕ್ಕೆ ಒಂದು ಮೊಳೆಯನ್ನೂ ಕೊಂಡು ತಂದಿರಲಿಲ್ಲ. ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ದಸರೆಗೆ ಹಿಂದೂಗಳು ಮನೆ ಸಾರಿಸುವಾಗ, ರಂಜಾನಿಗೆ ನಾವು ಸಾರಿಸುವಾಗ, ಬೇಡವಾದ ಸಾಮಾನನ್ನು ಯಾರೂ ಬಿಸಾಡುತ್ತಿರಲಿಲ್ಲ. ಹೊರಗೋಡೆಗೆ ಆನಿಸಿ ಇಡುತ್ತಿದ್ದರು. ಬೇಕಾದವರು ಕೇಳದೆ ಒಯ್ಯಬಹುದಿತ್ತು. ಆದರೆ ಒಯ್ದ ಸಾಮಾನಿನಿಂದ ಏನಾದರೂ ಬೆಳೆದರೆ, ಮೊಟ್ಟೆ ಇಟ್ಟರೆ, ಹುಟ್ಟಿದರೆ, ಅದರ ಮೊದಲನೆಯದು ಕೊಟ್ಟವರ ಹೊಸ್ತಿಲಿಗೆ ಹೋಗಬೇಕು. ಒಡೆದ ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತರೆ ಮೊದಲ ಮರಿ ಬುಟ್ಟಿಯವರದು. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ. ನಮ್ಮ ಮನೆಗಳು ಹುಟ್ಟುವ ಮೊದಲೇ ಇತ್ತು ಎನ್ನುತ್ತಿದ್ದರು.

ಯಾರಾದರೂ ಮನೆಗೆ ಹೊಸ ಫರಸಿ ಹಾಕಿಸಿ, ಮೂಲೆ ಒಡೆದ ಹಳೆಯ ನೆಲಗಲ್ಲುಗಳನ್ನು ಗೋಡೆಗೆ ಆನಿಸಿದರೆ ಮಾಬತ್ತಿ ಅವನ್ನು ತಲೆಯ ಮೇಲೆ ಹೊತ್ತು ತಂದು ಮಡಿಗಳ ಅಂಚಿಗೆ ನಿಲ್ಲಿಸುತ್ತಿದ್ದಳು. ಎಣ್ಣೆ ಡಬ್ಬಿಗಳಲ್ಲಿ ಕೊತ್ತಂಬರಿ. ಸೈಕಲ್ಲಿನ ಗಾಲಿಗಳಿಗೆ ಅವರೆ ಬಳ್ಳಿ. ಒಡೆದ ಪೈಪಿನ ತುಂಡುಗಳನ್ನು ಹಳೆಯ ಸೀರೆಯ ಅಂಚಿನಿಂದ ಬಿಗಿದು ನಮ್ಮ ಬಚ್ಚಲ ನೀರನ್ನು ಮೆಂತೆಯ ತನಕ ಒಯ್ದಿದ್ದಳು. ಓಣಿಯ ಕೊನೆಯ ಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು, ಅವರ ಮನೆಯ ಗೆದ್ದಲು ತಿಂದ ಕಿಟಕಿಯ ಚೌಕಟ್ಟಿಗೆ ಹೀರೆ ಬಳ್ಳಿ ಹಬ್ಬಿತ್ತು. ಚುನಾವಣೆ ಮುಗಿದ ಮೇಲೆ ಉಳಿದ ಬ್ಯಾನರು ಎಳೆ ಸಸಿಗಳಿಗೆ ಚಪ್ಪರವಾಯಿತು. ಕೈಮುಗಿದ ಮುಖವೊಂದು ತಲೆಕೆಳಗಾಗಿ ನಮ್ಮನ್ನು ನೋಡಿ ನಗುತ್ತಿತ್ತು. “ನಿಂತಾಗ ನಮ್ಮನ್ನ ಬಿಸಿಲಾಗ ನಿಂದ್ರಿಸಿದ್ರು, ಸೋತ ಮ್ಯಾಲ ನೆರಳ ಕೊಡಾಕತ್ತಾರ” ಎನ್ನುತ್ತಿದ್ದಳು ಮಾಬತ್ತಿ. ಇನ್ನು ಅಪ್ಪ ಒಗೆದ ಕೊಳೆತ ಅರಳೆ. ಅದನ್ನು ಬದನೆಯ ಬುಡಕ್ಕೆ ದಪ್ಪನಾಗಿ ಹಾಸಿ ನೀರು ಹೊಡೆದರೆ ವಾರದ ತನಕ ತೇವ ಹಿಡಿದಿರುತ್ತಿತ್ತು. ಬೆಳಿಗ್ಗೆ ಅಲ್ಲಿ ಬರಿಗಾಲು ಇಟ್ಟರೆ ಯಾರದೋ ಹಾಸಿಗೆಯ ಮೇಲೆ ನಿಂತ ಹಾಗೆ ಮೆತ್ತಗೆ, ತಣ್ಣಗೆ.

ಬಡಿಗೇರರ ಈರವ್ವ ಮಾಬತ್ತಿಯ ಗೆಳತಿ. ಸಂಜೆ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಬದನೆಯನ್ನು ಮೂಸಿ ನೋಡಿ, “ಮಾಬವ್ವ, ನಮ್ಮತ್ತಿ ಸತ್ತ ಗಾದಿ ಇದರ ಬುಡದಾಗ ಐತೇನ?” ಎಂದು ಕೇಳಿದಳು.

“ಐತಿ. ಬದುಕಿದ್ದಾಗ ನಿಮ್ಮತ್ತಿ ನಿನಗ ಒಂದು ಬದನಿಕಾಯಿ ಕೊಟ್ಟಿದ್ಲೇನು? ಈಗ ಕೊಡಾಕತ್ತಾಳ, ಸುಮ್ಮನ ತಿನ್ನು.”

ಈರವ್ವ ನಕ್ಕು ನಕ್ಕು ಎಲೆ ಅಡಿಕೆ ನೆತ್ತಿಗೇರಿಸಿಕೊಂಡಳು. ಈ ನಗುವನ್ನು ಯಾಕೆ ಬರೆದೆ ಎಂದರೆ, ಅವರಿಬ್ಬರ ನಡುವೆ ಹುಸಿ ಇರಲಿಲ್ಲ ಎನ್ನುವುದು ನಿಮಗೆ ತಿಳಿದಿರಬೇಕು. ಮುಂದೆ ಆದದ್ದು ವೈರಿಗಳು ಮಾಡಿದ್ದಲ್ಲ.

ಎರಡನೆಯ ವರ್ಷ ಒಂದು ಎಡವಟ್ಟಾಯಿತು. ಮಾಸ್ತರ ಕಿಟಕಿಗೆ ಬಿಟ್ಟ ಮೊದಲ ಹೀರೇಕಾಯಿ ಮರೆತು ಬೇರೆ ಮನೆಗೆ ಹೋಯಿತು. ಮಾಸ್ತರ ಹೆಂಡತಿ ದಸರೆಯ ತನಕ ಮಾಬತ್ತಿಯ ಕಡೆ ಮುಖ ತಿರುಗಿಸಲಿಲ್ಲ. ಮಾಬತ್ತಿಯ ಮನಸ್ಸಿಗೆ ಅದು ಬಹಳ ಹತ್ತಿತು. ಗಾಡಿಗಳಿಗೆ ನಂಬರು ಬರೆಯುವವನು ಗೋಡೆಗೆ ಆನಿಸಿ ಇಟ್ಟಿದ್ದ ಡಬ್ಬಿಯ ತಳದಲ್ಲಿ ಒಂದಿಷ್ಟು ಕೆಂಪು ಬಣ್ಣ ಉಳಿದಿತ್ತು. ಅದನ್ನು ತಂದು ತೋಟದ ಒಂದೊಂದು ಸಾಮಾನಿನ ಮೇಲೂ ಕೊಟ್ಟವರ ಹೆಸರು ಬರೆದಳು. ಫರಸಿಯ ಮೇಲೆ, ಗಾಲಿಯ ಮೇಲೆ, ಡಬ್ಬಿಯ ಮೇಲೆ, ಕಿಟಕಿಯ ಚೌಕಟ್ಟಿನ ಮೇಲೆ. ಕಲ್ಲುಗಳಂತೂ ಶಾಲೆಯ ಗೋಡೆಯ ಮೇಲಿನ ದಾನಿಗಳ ಫಲಕದಂತೆ ಕಾಣುತ್ತಿದ್ದವು. ಅರಳೆ ಹಾಸಿದ ಮಡಿಯ ಮುಂದೆ ಒಂದು ಹಂಚಿನ ತುಂಡು ನೆಟ್ಟು ಅಪ್ಪನ ಹೆಸರನ್ನೂ ಬರೆದಳು, ದಾವಲಸಾಬ ಎಂದು. ಓಣಿಯವರು ಬಂದು ತಮ್ಮ ತಮ್ಮ ಹೆಸರು ನೋಡಿ ಹಿಗ್ಗಿದರು. ತನ್ನ ಹೆಸರನ್ನು ಮಾತ್ರ ಆಕೆ ಎಲ್ಲಿಯೂ ಬರೆಯಲಿಲ್ಲ. ಬರೆಯುವ ಕಾರಣ ಇರಲಿಲ್ಲ. ತನಗೆ ತಾನೇ ಮೊದಲ ಕಾಯಿ ಕೊಡುವವರುಂಟೇ.

ಆ ತೋಟದ ಮೂಲೆಯಲ್ಲಿ ಒಂದು ಖೋಲಿ ಕಟ್ಟಬೇಕು ಎನ್ನುವುದು ಆಕೆಯ ಆಸೆ. ನಮ್ಮ ಮನೆಯಲ್ಲಿ ಆಕೆ ಮಲಗುತ್ತಿದ್ದದ್ದು ಯಂತ್ರದ ಪಕ್ಕ, ಅರಳೆಯ ಮೂಟೆಗಳ ನಡುವೆ. ಯಾರು ಬೇಕಾದರೂ ದಾಟಿ ಹೋಗುವ ಜಾಗ. ಈರವ್ವನ ಗಂಡ ಬೇಡವೆಂದು ಇಟ್ಟ ಸಾಗುವಾನಿ ಬಾಗಿಲೊಂದು ಸಿಕ್ಕಿತ್ತು, ಕೆಳಗೆ ಸ್ವಲ್ಪ ನೀರು ತಿಂದಿದ್ದನ್ನು ಬಿಟ್ಟರೆ ಗಟ್ಟಿಮುಟ್ಟು. ಅದನ್ನು ಗೋಣಿಯಲ್ಲಿ ಸುತ್ತಿ ಎತ್ತಿಟ್ಟಿದ್ದಳು. ನನ್ನ ತಲೆ ಬಾಚುವಾಗ ಹೇಳುತ್ತಿದ್ದಳು: “ನನ್ನ ಖೋಲಿಗೆ ನಿಮ್ಮವ್ವ ಸುದ್ದಾ ಬಾಗ್ಲಾ ಬಡದು ಬರಬೇಕು. ನಾ ಒಳಗಿಂದ, ಯಾರವ್ರು, ಅಂತ ಕೇಳ್ತೇನಿ.” ಯಾರವ್ರು ಎನ್ನುವುದನ್ನು ಮೂರ್ನಾಲ್ಕು ರಾಗದಲ್ಲಿ ಹೇಳಿ ತೋರಿಸುತ್ತಿದ್ದಳು. ಒಮ್ಮೆ ಸಾಹುಕಾರ್ತಿಯ ಹಾಗೆ, ಒಮ್ಮೆ ನಿದ್ದೆಗಣ್ಣಿನಲ್ಲಿ, ಒಮ್ಮೆ ಸಿಟ್ಟಿನಲ್ಲಿ. ಇಬ್ಬರೂ ನಗುತ್ತಿದ್ದೆವು. ಬೇರೆ ಏನನ್ನೂ ಆಕೆ ಬಯಸಿದ್ದು ನನಗೆ ಗೊತ್ತಿಲ್ಲ.

ನಾನು ಏಳನೆಯಲ್ಲಿದ್ದಾಗ ಸುದ್ದಿ ಬಂತು. ಹಳ್ಳದ ದಂಡೆಯ ಜಾಗಗಳನ್ನು ಅಳೆಯುತ್ತಾರೆ, ಯಾವ ಜಾಗ ಯಾರ ವಹಿವಾಟಿನಲ್ಲಿ, ಅಂದರೆ ಯಾರ ಕೈವಶದಲ್ಲಿ ಇದೆಯೋ ಅವರ ಹೆಸರಿಗೆ ಕಾಗದ ಮಾಡಿಕೊಡುತ್ತಾರೆ ಎಂದು. ಮಾಬತ್ತಿ ಅಂದು ಬೆಲ್ಲ ತರಿಸಿ ಹುಗ್ಗಿ ಮಾಡಿದಳು. ಗೋಣಿ ಬಿಚ್ಚಿ ಬಾಗಿಲನ್ನು ಒರೆಸಿದಳು. ಅದೇ ಹೊತ್ತಿಗೆ ಮಾಸ್ತರು ಓಣಿಯ ಮನೆ ಮನೆಗೆ ಹೋಗಿ ಬರುತ್ತಿದ್ದರು. ಅವರು ಏನು ಹೇಳಿದರೆಂಬುದು ಆಮೇಲೆ ಈರವ್ವನ ಬಾಯಿಂದಲೇ ತಿಳಿಯಿತು. “ಸುಳ್ಳ ಹೇಳ್ರಿ ಅನ್ನಾಂಗಿಲ್ಲ ನಾ. ಇದ್ದದ್ದ ಹೇಳ್ರಿ. ಅಲ್ಲಿ ಕಲ್ಲಿನ ಮ್ಯಾಲ ಹೆಸರು ಯಾರದೈತಿ? ನಿಮ್ದು. ಬರದಾಕಿ ಯಾರು? ಆಕಿನ. ಇದಕ್ಕಿಂತ ಸಾಕ್ಷಿ ಏನ್ ಬೇಕ್ರಿ?”

ಅಳತೆಯವರು ಟೇಪು ಹಿಡಿದು ಬಂದಾಗ ಹೊತ್ತು ಏರಿತ್ತು. ನೋಡಿದರೆ ಓಣಿಗೆ ಓಣಿಯೇ ಹಿತ್ತಲಿಗೆ ಬಂದಿತ್ತು. ಒಬ್ಬೊಬ್ಬರೂ ತಮ್ಮ ಹೆಸರಿನ ಕಲ್ಲಿನ ಪಕ್ಕ, ಗಾಲಿಯ ಪಕ್ಕ ನಿಂತಿದ್ದರು. ಮೊದಲು ಮಾಬತ್ತಿಗೆ ತಿಳಿಯಲಿಲ್ಲ. ತನಗೆ ಸಾಕ್ಷಿ ಹೇಳಲಿಕ್ಕೆ ಬಂದಿದ್ದಾರೆಂದು ತಿಳಿದು ಎಲ್ಲರಿಗೂ ಚಹಾ ಇಡು ಎಂದು ಅವ್ವನಿಗೆ ಕೂಗಿ ಹೇಳಿದಳು. ಮಾಸ್ತರು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಅಳತೆಯವರಿಗೆ ಒಂದೊಂದಾಗಿ ತೋರಿಸಿದಾಗ ಆಕೆಯ ಮುಖ ನಿಧಾನವಾಗಿ ಬದಲಾಯಿತು. ಅಳತೆಯವರು ಕೆಟ್ಟ ಮನುಷ್ಯರಲ್ಲ. ಮಾಬತ್ತಿಯನ್ನೇ ಕರೆದು ಕೇಳಿದರು.

“ಈ ಕಲ್ಲು ಯಾರದವ್ವ?”

“ಈರವ್ವನ ಮನಿದ್ರಿ.”

“ಈ ಕಿಡಕಿ?”

“ಮಾಸ್ತರದ್ರಿ.”

ಅಪ್ಪ ಅವಳ ಹಿಂದೆ ಬಂದು ನಿಂತು ಪಿಸುಗುಟ್ಟಿದ. “ಅಕ್ಕಾ, ನಂದು ಅನ್ನ. ಒಯ್ದ ಮ್ಯಾಲ ನಿಂದ ಅಲ್ಲೇನು.”

ಆಕೆ ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದಳು. “ಹೆಂಗ ಅನ್ಲೋ ತಮ್ಮಾ? ಅವ್ರು ಕೊಟ್ಟಾರ. ಕೊಟ್ಟಿದ್ದನ್ನ ಕೊಟ್ಟಿಲ್ಲ ಅಂದ್ರ ನಾಳೆ ಈ ಓಣ್ಯಾಗ ಯಾರಿಗೆ ಯಾರು ಕೊಡ್ತಾರ?”

ಅಳತೆಯವರು ಕೈಯಲ್ಲಿದ್ದ ಟೇಪು ಸುತ್ತುತ್ತಾ, “ಹಂಗಾರ ಇಲ್ಲಿ ನಿಮ್ದು ಏನೈತ್ರಿ?” ಎಂದರು.

“ಬೆಳಿ ನಂದ್ರಿ.”

“ಬೆಳಿಗೆ ಕಾಗದ ಆಗೂದಿಲ್ಲವ್ವ.”

ಒಬ್ಬರಾದರೂ, ಕಲ್ಲು ನಮ್ಮದು ಖರೆ, ಆದರೆ ಗೋಡೆಗೆ ಆನಿಸಿ ಬಿಟ್ಟಿದ್ದೆವು ಎನ್ನಬಹುದಿತ್ತು. ಅಷ್ಟೇ ಮಾತು ಬೇಕಾಗಿತ್ತು. ಈರವ್ವ ತಲೆ ತಗ್ಗಿಸಿ ಕಾಲಿನ ಬೆರಳಿನಿಂದ ಮಣ್ಣು ಕೆದರುತ್ತಿದ್ದಳು. ಅವಳ ಗಂಡ ಅವಳ ಹಿಂದೆಯೇ ನಿಂತಿದ್ದ. ಅವ್ವ ಇಟ್ಟ ಚಹಾ ಬಂತು. ಜನ ಕುಡಿದರು. ಕುಡಿದು ಲೋಟಗಳನ್ನು ಕಲ್ಲುಗಳ ಮೇಲೆ, ತಮ್ಮ ತಮ್ಮ ಹೆಸರಿನ ಮೇಲೆ ಇಟ್ಟು ಹೋದರು.

ಜಾಗ ತುಂಡು ತುಂಡಾಯಿತು. ಅರಳೆಯ ಮಡಿಯ ತುಂಡು ಹಂಚಿನ ಮೇಲಿನ ಹೆಸರಿನ ಪ್ರಕಾರ ಅಪ್ಪನಿಗೆ ಬಂತು. ಅಪ್ಪ ಬೇಡವೆನ್ನಲಿಲ್ಲ. “ನನ್ನ ಹೆಸರಿಗಿದ್ರ ನಿನ್ನ ಹೆಸರಿಗಿದ್ದಂಗ ಅಕ್ಕಾ” ಎಂದ. ಮಾಬತ್ತಿ ಹೂಂ ಎಂದಳು. ಒಂದು ಚಳಿಗಾಲ ಆ ತುಂಡಿನಲ್ಲಿಯೇ ಬೆಳೆ ತೆಗೆದಳು. ಮಿಕ್ಕವರ ತುಂಡುಗಳಲ್ಲಿ ಏನೂ ಬೆಳೆಯಲಿಲ್ಲ. ಗಿಡಗಳು ನೀರಿಲ್ಲದೆ ನಿಂತಲ್ಲೇ ಒಣಗಿದವು, ಬಾಡುತ್ತಿದ್ದ ಮೆಂತೆಗೆ ಆಕೆ ಕದ್ದು ನೀರು ಹಾಕಿದರೆ ಅದರ ಯಜಮಾನರು ಬೇಡವೆಂದು ಕೈಸನ್ನೆ ಮಾಡುತ್ತಿದ್ದರು. ನೀರು ಹಾಕಿದರೆ ಮತ್ತೆ ಆಕೆಯ ವಹಿವಾಟು ಆದೀತೆಂಬ ಹೆದರಿಕೆ. ಬೇಸಿಗೆಯಲ್ಲಿ ಲಗ್ನದ ಹಾಲ್ ಕಟ್ಟುವವರೊಬ್ಬರು ಬಂದರು, ಎಲ್ಲರ ತುಂಡುಗಳನ್ನೂ ಒಟ್ಟಿಗೆ ಕೇಳಿದರು. ಎಲ್ಲರೂ ಕೊಟ್ಟರು. ಅಪ್ಪನೂ ಕೊಟ್ಟ. ಬಾಗಿಲು ಆ ಹೊತ್ತಿಗೂ ಗೋಣಿಯಲ್ಲೇ ಇತ್ತು.

ಜೆಸಿಬಿ ಬರುವ ಹಿಂದಿನ ದಿನ ಮಾಬತ್ತಿ ಒಬ್ಬಳೇ ಕೆಲಸಕ್ಕೆ ನಿಂತಳು. ಒಂದೊಂದು ಕಲ್ಲನ್ನೂ ಕಿತ್ತು, ನಾರಿನಿಂದ ತಿಕ್ಕಿ ತೊಳೆದು, ಹೆಸರು ನೋಡಿ, ಅವರವರ ಮನೆಯ ಹೊಸ್ತಿಲಿಗೆ ಇಟ್ಟು ಬಂದಳು. ಗಾಲಿಗಳನ್ನು ಉರುಳಿಸಿಕೊಂಡು ಹೋದಳು. ಗೆದ್ದಲು ತಿಂದ ಕಿಟಕಿಯನ್ನು ಮಾಸ್ತರ ಪಡಸಾಲೆಯ ಒಳಗೇ ಇಟ್ಟಳು. ಮಾಸ್ತರ ಹೆಂಡತಿ, “ಇದನ್ಯಾಕ ತಂದಿ ಮಾಬವ್ವ, ನಾವ ಒಗದಿದ್ದು” ಎಂದು ಬಾಯಿತಪ್ಪಿ ಅಂದುಬಿಟ್ಟಳು. ಅಂದ ಮೇಲೆ ಸೆರಗು ಬಾಯಿಗೆ ಹಿಡಿದಳಂತೆ. ಮಾಬತ್ತಿ, “ಹೌದಲ್ರಿ?” ಎಂದಷ್ಟೇ ಹೇಳಿ ಬಂದಳಂತೆ. ಬಾಗಿಲನ್ನು ಈರವ್ವ ತೆಗೆದುಕೊಳ್ಳಲಿಲ್ಲ. ಹೊಸ್ತಿಲಲ್ಲಿ ಕೂತು ಅತ್ತಳು. “ನನ್ನ ಗಂಡ ಹಿಂದ ನಿಂತಿದ್ದ, ನೀನ ನೋಡಿದಿ. ನಾ ಏನ್ ಮಾಡ್ಲಿ” ಎಂದಳು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೂ ನಾನು ಈರವ್ವನ ಜೊತೆ ಆಮೇಲೆ ಮಾತಾಡಿಲ್ಲ, ಅವಳ ಮಗಳ ಮದುವೆಗೂ ಹೋಗಿಲ್ಲ. ಮಾಬತ್ತಿ ಬಾಗಿಲನ್ನು ನಮ್ಮ ಹೊರಗೋಡೆಗೆ ಆನಿಸಿ ಒಳಗೆ ಬಂದಳು. ಮರುದಿನ ಅದು ಅಲ್ಲಿರಲಿಲ್ಲ.

ಅದಾದ ಮೊದಲ ಸಂತೆಯ ದಿನ ಅವ್ವ ಕೈಚೀಲ ಹಿಡಿದು ಹೊರಡುತ್ತಾ, “ಇನ್ನ ಪಲ್ಯಾ ಕೊಂಡ ತಿನ್ನಬೇಕ್ರಿ ಅಕ್ಕಾರ. ತಿನ್ನೋರು ಬಾಳ ಮಂದಿ” ಎಂದಳು. ಅಪ್ಪ ಅಲ್ಲೇ ಗಾದಿಗೆ ಟಾಕು ಹಾಕುತ್ತಿದ್ದ. ಸೂಜಿಯನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಮಾಬತ್ತಿ ಒಳಗೆ ಹೋಗಿ ಟ್ರಂಕು ತೆಗೆದುಕೊಂಡು ಬಂದಳು. ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು, ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ. ಸಿಂದಗಿಯ ಬಸ್ಸು ಹತ್ತಿದಳು ಎಂದು ಪಾನ್ ಅಂಗಡಿಯವನು ಸಂಜೆ ಅಪ್ಪನಿಗೆ ಹೇಳಿದ.

ಮನೆಯೂ ಬಹಳ ದಿನ ಉಳಿಯಲಿಲ್ಲ. ಹಾಲ್ ಕಟ್ಟಿದವರಿಗೆ ಕಾರು ನಿಲ್ಲಿಸಲು ಜಾಗ ಬೇಕಾಯಿತು, ಅಪ್ಪ ಅದನ್ನೂ ಕೊಟ್ಟ. ಜನ ಫೋಮಿನ ಗಾದಿಗೆ ಹೊರಳಿದ್ದರು. ಯಂತ್ರ ಗುಜರಿಗೆ ಹೋಯಿತು. ಅಪ್ಪ ಈಗ ಬೇರೆಯವರ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಗಾದಿ ಮಾರುತ್ತಾನೆ. ಆ ಗಾದಿಗಳಿಗೆ ಯಾವ ವಾಸನೆಯೂ ಇಲ್ಲ. ಅವ್ವ ಮೂರು ವರ್ಷದ ಹಿಂದೆ ತೀರಿಕೊಂಡಳು. ಕೊನೆಗೆ ಹಾಸಿಗೆ ಹಿಡಿದಾಗ ಮಾಬತ್ತಿಯ ಪುಂಡಿಪಲ್ಯ ಬೇಕೆಂದು ಹಟ ಮಾಡಿದಳು. ನಾನು ಸಂತೆಯದನ್ನು ತಂದು ಮಾಡಿಕೊಟ್ಟೆ. ಬಾಯಿಗಿಟ್ಟು ನೋಡಿ ತಾಟು ಸರಿಸಿದಳು.

ಮಾಬತ್ತಿ ಹೋದ ಕೆಲವು ವರ್ಷಕ್ಕೆ ಅಪ್ಪನ ಫೋನಿಗೆ ಒಂದು ಕರೆ ಬಂತು. ಮಾಬವ್ವ ತೀರಿಕೊಂಡರು, ಇಲ್ಲಿಯೇ ಮಣ್ಣು ಕೊಟ್ಟೆವು ಎಂದು ಯಾರೋ ಗಂಡಸು ಹೇಳಿದರಂತೆ. ಅಪ್ಪ “ಹೌದ್ರಿ, ಹೌದ್ರಿ” ಎಂದು ಫೋನಿಟ್ಟ. ಇಲ್ಲಿ ಎಂದರೆ ಎಲ್ಲಿ ಎಂದು ಕೇಳಲಿಲ್ಲ. ನೀವು ಯಾರೆಂದು ಕೇಳಲಿಲ್ಲ. ಆ ಫೋನು ಆಮೇಲೆ ನೀರಿಗೆ ಬಿತ್ತು, ಕರೆ ಬಂದ ನಂಬರೂ ಹೋಯಿತು. ನಾನು ಕೆಲಸಕ್ಕೆ ಸೇರಿದ ಮೇಲೆ ರಜೆಯ ದಿನ ಹುಡುಕಲು ಹೋಗುತ್ತೇನೆ. ಸಿಂದಗಿ ತಾಲೂಕಿನ ದೇವಣಗಾಂವದಲ್ಲಿ ಇಬ್ಬರು ಹೆಂಗಸರಿಗೆ ಆಕೆಯ ನೆನಪಿದೆ. ಒಂದು ಮಳೆಗಾಲ ಇದ್ದಳು, ಹೊಳೆಯ ದಂಡೆಯ ಹೊಲಗಳಿಗೆ ಕೂಲಿಗೆ ಬರುತ್ತಿದ್ದಳು, ಆಮೇಲೆ ಇಂಡಿಯ ಕಡೆ ನಿಂಬೆ ತೋಟಕ್ಕೆ ಹೋದಳು ಎಂದರು. ಇಂಡಿಯ ಸುತ್ತ ಎಷ್ಟು ನಿಂಬೆ ತೋಟಗಳಿವೆ ಎಂದು ಅಲ್ಲಿಗೆ ಹೋದವರಿಗೆ ಗೊತ್ತು. ಕೇಳುತ್ತಾ ಹೋಗುತ್ತಿದ್ದೇನೆ. ಕೇಳಿದ ತೋಟಗಳನ್ನು ಗುರುತು ಹಾಕಿಕೊಂಡಿದ್ದೇನೆ, ಉಳಿದವೇ ಹೆಚ್ಚು.

ಇಂಡಿ, ಸಿಂದಗಿ ಕಡೆಯ ಓದುಗರಲ್ಲಿ ಒಂದು ಬೇಡಿಕೆ. ಎಡಗೈ ಹೆಬ್ಬೆರಳಿಗೆ ಉಗುರಿಲ್ಲದ, ಮುದ್ದೇಬಿಹಾಳದ ಕಡೆಯ ಎತ್ತರದ ಹೆಂಗಸೊಬ್ಬಳು ನಿಮ್ಮ ಹೊಲದಲ್ಲಿಯೋ ಮನೆಯ ಹತ್ತಿರವೋ ಇದ್ದದ್ದು ನೆನಪಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಯಾರ ಮನೆಯಲ್ಲಿ ಉಂಡಳು, ಎಲ್ಲಿ ಮಲಗುತ್ತಿದ್ದಳು, ಏನು ಮಾತಾಡುತ್ತಿದ್ದಳು, ಯಾವುದಿದ್ದರೂ ಸರಿ. ನಮ್ಮನ್ನು ಬೈದಿದ್ದರೆ ಅದನ್ನೂ ಬರೆಯಿರಿ, ಮೆತ್ತಗೆ ಮಾಡಬೇಡಿ. ಅಪ್ಪನಿಗೆ ನಾನೇ ಓದಿ ಹೇಳುತ್ತೇನೆ. ಆ ದಿನ ಫೋನು ಮಾಡಿದವರು ನೀವೇ ಆಗಿದ್ದರೆ, ಆಕೆಯನ್ನು ಎಲ್ಲಿ ಮಲಗಿಸಿದಿರಿ ಎಂದು ತಿಳಿಸಿ. ಆರಡಿಯಾದರೂ ಆಗಲಿ, ಆಕೆಯದು ಎನ್ನುವ ನೆಲವನ್ನು ನಾನು ಒಮ್ಮೆ ನೋಡಬೇಕು.